ಚಿಕ್ಕಮ್ಮ ಕೆಚ್ಚಿದ ಕ್ಯಾಸೆಟ್ಟು

ಅವರೆಕಾಯಿಯ ಸೊಗಡು ಮನೆ ತುಂಬಿದ ದಿನ ನಮ್ಮಲ್ಲಿ ಯಾರಿಗೂ ಬೇರೆ ಕೆಲಸವಿರುವುದಿಲ್ಲ. ನೆನೆಹಾಕಿದ ಕಾಳಿನ ಪಾತ್ರೆಯ ಸುತ್ತ ಕೂತು ಹಿದಕಬೇಕು, ಅಷ್ಟೇ. ಕಳೆದ ಭಾನುವಾರವೂ ಹಾಗೇ ಕೂತಿದ್ದೆವು. ನಾನು, ನನ್ನ ಹೆಂಡತಿ, ಮಗಳು, ಮತ್ತೆ ನಮ್ಮ ಚಿಕ್ಕಮ್ಮ. ಚಿಕ್ಕಮ್ಮ ಅಂದರೆ ನನ್ನ ತಾಯಿಯ ತಂಗಿ. ವಯಸ್ಸು ಎಪ್ಪತ್ತೈದು ದಾಟಿದೆ. ಕಣ್ಣು ಮಂಜು, ಮಂಡಿ ನೋವು. ಆದರೆ ಆ ಬೆರಳುಗಳನ್ನು ನೀವು ನೋಡಬೇಕು! ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳು ಸಿಕ್ಕಿತೋ ಇಲ್ಲವೋ, ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ನಾನು ಒಂದು ಹಿದಕುವಷ್ಟರಲ್ಲಿ ಅವಳದು ಐದಾಗಿರುತ್ತದೆ. ನನ್ನ ಆ ಒಂದು ಕೂಡ ಹಾರಿ ಸೋಫಾ ಕೆಳಗೆ ಹೋಗಿರುತ್ತದೆ.

ಬೇಜಾರಾಗದಿರಲಿ ಎಂದು ಮಗಳು ಫೋನಿನಲ್ಲಿ ಹಾಡು ಹಾಕಿದಳು. ಒಂದು ಮುಗಿದರೆ ಇನ್ನೊಂದು ತಾನೇ ಹುಡುಕಿಕೊಂಡು ಬರುವ ವ್ಯವಸ್ಥೆ. ಮೂರನೆಯದೋ ನಾಲ್ಕನೆಯದೋ ಶುರುವಾಯಿತು ನೋಡಿ, ನನ್ನ ಕೈ ಅಲ್ಲೇ ನಿಂತುಹೋಯಿತು. ಕೆಳಗೆ ಒಂದು ಗಿಟಾರು ಎಳೆದೆಳೆದು ಅಳುತ್ತಿದೆ, ಮೇಲೆ ಕಹಳೆಗಳು ಎದ್ದು ನಿಂತು ಕರೆಯುತ್ತಿವೆ. ನಡುವೆ ಒಬ್ಬ ಗಂಡಸು, ದುಃಖವನ್ನೆಲ್ಲ ಹೇಳಿಕೊಳ್ಳುತ್ತಲೇ ಊರನ್ನೆಲ್ಲ ಚಪ್ಪಾಳೆಗೆ ಎಬ್ಬಿಸುತ್ತಿದ್ದಾನೆ. "ಇದಕ್ಕೆ ಏನಂತ ಹೆಸರು ಹಾಕಿದಾರೆ ನೋಡು ಪುಟ್ಟಾ" ಅಂದೆ. ಮಗಳು ಪರದೆ ನೋಡಿ, "ಸೋಲ್ ಬ್ಲೂಸ್ ಅಂತಿದೆ ಅಪ್ಪ" ಅಂದಳು. ನಾನು ಧಡಕ್ಕನೆ ಎದ್ದುಬಿಟ್ಟೆ.

"ಕೂತ್ಕೊಳೋ, ಕಾಳು ಚೆಲ್ತೀಯ" ಅಂದಳು ಚಿಕ್ಕಮ್ಮ.

ಎದ್ದದ್ದೇಕೆ ಎಂದು ನೀವು ಕೇಳುತ್ತೀರಿ. ಕೇಳದಿದ್ದರೂ ಹೇಳುವವನೇ ನಾನು. ಈ ಕಥೆ ನಾನು ಹೇಳದ ಮದುವೆಮನೆಯಿಲ್ಲ, ಬೀಗರೂಟವಿಲ್ಲ. ಶುರು ಮಾಡಿದೆನೆಂದರೆ ನನ್ನ ಹೆಂಡತಿ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಾಳೆ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಪವರ್‌ಲೂಮಿನ ಮನೆ. ಮುಂದಿನ ಅಂಕಣದಲ್ಲಿ ಮಗ್ಗ, ಹಿಂದೆ ನಾವು. ಅಕ್ಕಪಕ್ಕದ ಮನೆಗಳೂ ಹಾಗೇ, ಬೀದಿಗೆ ಬೀದಿಯೇ ಲಟಕ್ ಪಟಕ್, ಲಟಕ್ ಪಟಕ್. ಆ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇರುವುದಿಲ್ಲ. ಹೆಣ್ಣು ನೋಡಲು ಬೇರೆ ಊರಿಗೆ ಹೋದರೆ ಅವರು ನಾವು ಜಗಳಕ್ಕೆ ಬಂದವರೆಂದು ತಿಳಿಯುತ್ತಿದ್ದರು. ಹೀಗಾಗಿ ನಮ್ಮ ಬೀದಿಯಲ್ಲಿ ಹಾಡು ಕೇಳುವುದಕ್ಕೆ ಇದ್ದದ್ದು ಒಂದೇ ಹೊತ್ತು, ಕರೆಂಟು ಹೋದಾಗ. ಕರೆಂಟು ಹೋದರೆ ಉಳಿದ ಊರಿನವರು ಶಾಪ ಹಾಕುತ್ತಿದ್ದರು, ನಾನು ಟೇಪ್ ರೆಕಾರ್ಡರಿಗೆ ಸೆಲ್ಲು ಹಾಕುತ್ತಿದ್ದೆ. ಸೆಲ್ಲು ಸತ್ತರೆ ಬಿಸಿಲಿಗೆ ಇಟ್ಟು ಎಬ್ಬಿಸುತ್ತಿದ್ದೆ. ಮಗ್ಗ ನಿಂತ ಮನೆಯಲ್ಲಿ ಗುಬ್ಬಿಯ ರೆಕ್ಕೆಯ ಸದ್ದೂ ಕೇಳುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನನಗೊಬ್ಬ ಗೆಳೆಯ, ಬಾಷಾ. ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರು. ಅಲ್ಲಿಗೆ ಹೊಸ ಯಂತ್ರ ಕೂರಿಸಲು ಅಮೆರಿಕದಿಂದ ಒಬ್ಬ ಕರಿಯ ಮೆಕ್ಯಾನಿಕ್ ಬಂದಿದ್ದ. ಮೂರು ತಿಂಗಳು ಬಾಷಾನ ಮನೆಯ ಬಿರಿಯಾನಿ ತಿಂದು, ಹೋಗುವಾಗ ಎರಡು ಕ್ಯಾಸೆಟ್ಟು ಕೊಟ್ಟು ಹೋದ. ಒಂದರ ಮೇಲೆ ಬ್ಲೂಸ್, ಇನ್ನೊಂದರ ಮೇಲೆ ಸೋಲ್. ಬ್ಲೂಸ್ ನಾನು ಇಟ್ಟುಕೊಂಡೆ, ಸೋಲ್ ಬಾಷಾ ಇಟ್ಟುಕೊಂಡ. ವಾರಕ್ಕೊಮ್ಮೆ ಅದಲು ಬದಲು. ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು. ಇಡೀ ತಾಲೂಕಿನಲ್ಲಿ ಈ ಸಂಗೀತ ಬಲ್ಲವರು ನಾವಿಬ್ಬರೇ ಎಂಬ ಕೊಬ್ಬು. ಬಲ್ಲದ್ದಾದರೂ ಏನು? ನಾನು ಡಿಕ್ಷನರಿ ತೆಗೆದು ನೋಡಿದ್ದೆ. ಒಂದು ನೀಲಿ, ಇನ್ನೊಂದು ಆತ್ಮ.

ಆದರೆ ಕೇಳಿದಾಗ ಆದದ್ದು ಡಿಕ್ಷನರಿಯಲ್ಲಿ ಇರಲಿಲ್ಲ. ಬ್ಲೂಸ್ ಕ್ಯಾಸೆಟ್ಟಿನಲ್ಲಿ ಒಬ್ಬ ಮುದುಕ ಒಂದು ಸಾಲು ಹಾಡುತ್ತಿದ್ದ. ಅದೇ ಸಾಲನ್ನು ಇನ್ನೊಮ್ಮೆ ಹಾಡುತ್ತಿದ್ದ. ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುತ್ತಿದ್ದ. ಮೈ ಜುಮ್ಮೆಂದಿತು ನನಗೆ, ಯಾಕೆಂದರೆ ಈ ಲೆಕ್ಕದ ಹಾಡು ನಮ್ಮ ಮನೆಯಲ್ಲೇ ಇತ್ತು. ನಮ್ಮ ಮಗ್ಗದ ಹಿಂದೆಯೇ ಇತ್ತು!

ಅದಕ್ಕೆ ಚಿಕ್ಕಮ್ಮನ ವಿಷಯ ಸ್ವಲ್ಪ ಹೇಳಬೇಕು. ಗಂಡ ಹೋದ ಮೇಲೆ ಅವಳು ನಮ್ಮ ಮನೆಗೆ ಬಂದಳು. ಬೀದಿಯವರಿಗೆಲ್ಲ ಅಚ್ಚು ಕೆಚ್ಚುವುದು ಅವಳ ಕಸುಬು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ನೂಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಬೇಕು. ಸಾವಿರಾರು ಎಳೆ. ಗಂಟು ಹಾಕುವಂತಿಲ್ಲ, ಹಾಕಿದರೆ ಅಚ್ಚಿನಲ್ಲಿ, ಅಂದರೆ ಎಳೆಗಳು ತೂರಿ ಬರುವ ಹಣಿಗೆಯಲ್ಲಿ, ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಚಿಕ್ಕಮ್ಮ ತೆಂಗಿನ ಚಿಪ್ಪಿನಲ್ಲಿ ಬೂದಿ ಇಟ್ಟುಕೊಂಡು ಮಗ್ಗದ ಹಿಂದೆ ಕೂತರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಬೆರಳು ಓಡುವುದಕ್ಕೆ ಜೊತೆಯಾಗಿ ತಾನೇ ಕಟ್ಟಿಕೊಂಡ ಒಂದು ಪದ:

ಎಳೆ ಹರಿದ್ರೆ ಕೆಚ್ಚಬಹುದು, ಕೆಚ್ಚಬಹುದು ಕಣೇ ತಂಗಿ
ಎಳೆ ಹರಿದ್ರೆ ಕೆಚ್ಚಬಹುದು, ಕೆಚ್ಚಬಹುದು ಕಣೇ ತಂಗಿ
ಹೋದೋರ್ನ ಯಾವ ಬೂದಿ ಹಚ್ಚಿ ಕೆಚ್ಚಲೇ?

ನೋಡಿದಿರಾ? ಒಂದು ಸಾಲು, ಮತ್ತೆ ಅದೇ ಸಾಲು, ಆಮೇಲೆ ಉತ್ತರ. ನಾನು ಓಡಿಹೋಗಿ, "ಚಿಕ್ಕಮ್ಮಾ, ನೀನು ಹಾಡೋದು ಬ್ಲೂಸು!" ಎಂದು ಕೂಗಿದ್ದೆ. ಅವಳು ತಲೆಯೆತ್ತದೆ, "ಯಾವ ಬ್ಲೂ ಮಗಾ? ನೇವಿ ಬ್ಲೂನಾ, ಆನಂದ ಬ್ಲೂನಾ?" ಎಂದು ಕೇಳಿದ್ದಳು. ಆನಂದ ಬ್ಲೂ ಎಂಬುದು ಆ ವರ್ಷ ಚೆನ್ನಾಗಿ ಓಡುತ್ತಿದ್ದ ಸೀರೆಯ ಬಣ್ಣ.

ಆಗ ಅವಳಿಗೊಂದು ಸಂಕಟವಿತ್ತು. ಶ್ರಾವಣದ ಶನಿವಾರಗಳಲ್ಲಿ ನಮ್ಮ ಬೀದಿಯ ರಾಮಮಂದಿರದಲ್ಲಿ ಭಜನೆ. ಸಂಜೆ ಆರಕ್ಕೆ ಶುರು, ಯಾಕೆಂದರೆ ಆರರಿಂದ ಎಂಟು ನಮ್ಮ ಕಡೆಯ ಲೋಡ್ ಶೆಡ್ಡಿಂಗು, ಹೇಗೂ ಮಗ್ಗ ನಿಂತಿರುತ್ತಿತ್ತು. ಗಂಡ ಇದ್ದಾಗ ಚಿಕ್ಕಮ್ಮ ಅಲ್ಲಿ ಎಲ್ಲರಿಗಿಂತ ಮುಂದೆ ಹಾಡುತ್ತಿದ್ದವಳು. ಅವಳು ಒಂದು ನುಡಿ ಎತ್ತಿಕೊಟ್ಟರೆ ಮಂದಿರವೇ ಏಳುತ್ತಿತ್ತಂತೆ. ಗಂಡ ಹೋದ ಮೇಲೆ ಒಮ್ಮೆ ಹಾಡಲು ಹೋಗಿ, ಎರಡನೆಯ ನುಡಿಗೇ ದನಿ ಕಟ್ಟಿ, ಅತ್ತು, ಜೊತೆಗಿದ್ದವರನ್ನೂ ಅಳಿಸಿಬಿಟ್ಟಿದ್ದಳು. ಭಜನೆ ನಡೆಸುವ ಗಂಗಣ್ಣನವರು ಕೆಟ್ಟವರಲ್ಲ. ಅವತ್ತು ಅವಳ ಮುಂದೆ ಕೂತು, "ಇಲ್ಲಿಗೆ ಬಂದೋರು ಹಗುರಾಗಿ ಮನೇಗೆ ಹೋಗ್ಬೇಕು ಕಣಮ್ಮ. ಭಜನೆ ಮನೇಲಿ ಗೋಳು ಬೇಡ" ಅಂದಿದ್ದರು. ಅಷ್ಟೇ. ಹನ್ನೊಂದು ವರ್ಷ ಅವಳು ಹಿಂದಿನ ಸಾಲಿನಲ್ಲಿ ಕೂತು ಬರಿಯ ಚಪ್ಪಾಳೆ ತಟ್ಟಿದಳು.

ಆ ವರ್ಷ ಕೊನೆಯ ಶನಿವಾರ ಹೆಂಗಸರ ಸರದಿ ಎಂದು ಗೊತ್ತಾಯಿತು. ಗಂಗಣ್ಣನವರೇ ಮನೆಗೆ ಬಂದು, "ಈ ಸಲ ನೀನೊಂದು ಹೇಳಮ್ಮ. ಧೈರ್ಯ ಮಾಡು" ಅಂದು ಹೋದರು. ಚಿಕ್ಕಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಹಾಡ್ಬೇಕು ಅಂತ ಜೀವ ಬಡ್ಕೊಳತ್ತೆ ಕಣೋ. ಆದ್ರೆ ಅಳ್ದೆ ಹಾಡಕ್ಕೆ ನನಗೆ ಬರಲ್ಲ. ಮತ್ತೆ ಹಂಗೇ ಆದ್ರೆ ಇನ್ನು ಮಂದಿರದ ಮೆಟ್ಲು ಹತ್ತಲ್ಲ ನಾನು" ಅಂದಳು ನನಗೆ.

ನನ್ನಂಥ ಪಂಡಿತ ಮನೆಯಲ್ಲಿರುವಾಗ ಉಪದೇಶಕ್ಕೇನು ಕಡಿಮೆ? ಬಾಷಾನದನ್ನೂ ಆ ವಾರಕ್ಕೆ ಕೇಳಿ ತಂದು, ಎರಡೂ ಕ್ಯಾಸೆಟ್ಟು ಅವಳ ಮುಂದಿಟ್ಟು ಪಾಠ ಮಾಡಿದೆ. "ನೋಡು ಚಿಕ್ಕಮ್ಮ, ಇದು ಅಳೋ ಹಾಡು. ಒಬ್ಬನೇ ಕೂತು ಹಾಡ್ಕೊಳೋದು. ಇದು ನಿಮ್ಮ ಭಜನೆ ಥರ, ಒಬ್ರು ಕೂಗ್ತಾರೆ, ನಾಲ್ಕು ಜನ ಅದನ್ನೇ ತಿರುಗಿ ಹೇಳಿ ಒಪ್ಪಿಸ್ತಾರೆ, ಚಪ್ಪಾಳೆ ತಟ್ತಾರೆ. ಅದು ಬೇರೆ, ಇದು ಬೇರೆ. ನೀನು ಅದನ್ನ ಮಗ್ಗದ ಹಿಂದೆ ಇಟ್ಕೋ, ಇದನ್ನ ಮಂದಿರಕ್ಕೆ ತಗೊಂಡೋಗು." ಅವಳು ಎರಡನ್ನೂ ಗಮನವಿಟ್ಟು ಕೇಳಿದಳು. "ಬೇರೇನಾ?" ಅಂದಳು. "ಪೂರ್ತಿ ಬೇರೆ!" ಅಂದೆ. ಈ ವಿಷಯದಲ್ಲಿ ಬಾಷಾನೂ ನಾನೂ ಒಂದೇ ಮಾತು. ಯಾವುದು ಹೆಚ್ಚು ಎಂಬುದಕ್ಕೆ ಮಾತ್ರ ನಮ್ಮ ನಡುವೆ ದಿನವೂ ಕದನ.

ಆ ಸೋಮವಾರ ನನ್ನ ಟೇಪ್ ರೆಕಾರ್ಡರು ಬ್ಲೂಸ್ ಕ್ಯಾಸೆಟ್ಟನ್ನು ಅಗಿದು ಹಾಕಿತು. ರೀಲು ಮುದುರಿ, ಸುತ್ತಿಕೊಂಡು, ಅರ್ಧದಿಂದ ಮುಂದಕ್ಕೆ ಕೆಲಸಕ್ಕೆ ಬಾರದಂತಾಯಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಚಿಕ್ಕಮ್ಮ ಬಂದು ನೋಡಿ, "ಹರಿದಿದ್ದಕ್ಕೆ ಹಿಂಗ್ಯಾಕೆ ಕೂರ್ತೀಯ? ಕೆಚ್ಚಿ ಕೊಡ್ತೀನಿ ಬಿಡು" ಅಂದಳು. ಸರಿ, ಏನೋ ಮಾಡಲಿ ಎಂದು ಬಿಟ್ಟು, ಮಂಗಳವಾರ ಬೆಳಿಗ್ಗೆ ಸೀರೆ ಗಂಟು ಹೊತ್ತು ರೈಲು ಹತ್ತಿ ಬೆಂಗಳೂರಿಗೆ ಹೋದೆ.

ಸಂಜೆ ಬಂದಾಗ ಕ್ಯಾಸೆಟ್ಟು ಗೂಡಿನಲ್ಲಿತ್ತು. ಕರೆಂಟು ಹೋಗಿತ್ತು, ಸೆಲ್ಲು ಹಾಕಿ ಒತ್ತಿದೆ. ಮುದುಕ ಅಳುತ್ತ ಬಂದ. ಒಂದು ಸಾಲು ಹಾಡಿದ, ಅದೇ ಸಾಲು ಮತ್ತೆ ಹಾಡಿದ. ಉತ್ತರ ಬರಬೇಕಾದ ಜಾಗದಲ್ಲಿ ಟಿಕ್ ಎಂದು ಒಂದು ಸಣ್ಣ ಸದ್ದು, ಅಷ್ಟೇ, ಕಹಳೆಗಳೆದ್ದು ಸೋಲ್ ಕ್ಯಾಸೆಟ್ಟಿನ ಹೆಂಗಸು ಕೂಗಿದಳು! ಅವಳ ಹಿಂದೆ ನಾಲ್ಕು ಜನ ಒಪ್ಪಿಸಿದರು!

ನನಗೆ ರಕ್ತ ತಲೆಗೇರಿತು. ಬಾಷಾನ ಕ್ಯಾಸೆಟ್ಟು ನೋಡಿದರೆ ಖಾಲಿ ಡಬ್ಬಿ. ಎರಡರ ಸ್ಕ್ರೂನೂ ಬಿಚ್ಚಿ, ಕತ್ತರಿಯಿಂದ ಕತ್ತರಿಸಿ, ಸೀರೆ ಡಬ್ಬಿಗೆ ಹಚ್ಚುವ ಸೆಲೋಟೇಪಿನ ಚೂರಿನಲ್ಲಿ ಅದರ ರೀಲನ್ನು ಇದಕ್ಕೆ ಅಂಟಿಸಿದ್ದಾಳೆ! ಸುಲಭವಾಗಿ ಅರ್ಥವಾಯಿತು ನನಗೆ. ಇಂಗ್ಲಿಷ್ ಓದಲು ಬಾರದವಳು, ಎರಡೂ ಒಂದೇ ಹಾಡಿನ ತುಂಡೆಂದುಕೊಂಡಿದ್ದಾಳೆ. ಹಳೆಯ ಹಾಸು ಮುಗಿದ ಕಡೆ ಹೊಸ ಹಾಸು ಕೆಚ್ಚುವುದು ಅವಳ ಜನ್ಮದ ಅಭ್ಯಾಸ, ಇಲ್ಲೂ ಅದನ್ನೇ ಮಾಡಿದ್ದಾಳೆ. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದು ಗೊಣಗಿದೆ, ಒಬ್ಬನೇ ಇದ್ದೆನಲ್ಲ ಎಂಬ ಧೈರ್ಯದಲ್ಲಿ. ಊಟ ಬೇಡವೆಂದು ಮುನಿಸಿಕೊಂಡು ಮಲಗಿದೆ. ಇಪ್ಪತ್ತಾರು ವರ್ಷದ ಗಂಡಸು, ನಾಚಿಕೆಯಿಲ್ಲದೆ.

ಬೆಳಗ್ಗೆ ಮತ್ತೆ ಕರೆಂಟು ಹೋಯಿತು. ಎಷ್ಟು ಹಾಳಾಗಿದೆ ನೋಡೋಣವೆಂದು ಮತ್ತೆ ಹಾಕಿದೆ. ಅಳು, ಅಳು, ಟಿಕ್, ಕರೆ. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಕಾಲು ತಾಳ ಹಾಕುತ್ತಿತ್ತು, ಒಂದೇ ಒಂದು ಏಟೂ ತಪ್ಪಿರಲಿಲ್ಲ! ಮುದುಕ ಎಲ್ಲಿ ಉಸಿರು ಬಿಟ್ಟನೋ ಅಲ್ಲೇ ಅವಳು ಉಸಿರು ಎಳೆದುಕೊಂಡಿದ್ದಾಳೆ. ಅವನ ಪ್ರಶ್ನೆಗೆ ಅವಳದೇ ಉತ್ತರ. ಅಯ್ಯೋ ದೇವರೇ, ಇದು ಹಾಳಾಗಿಲ್ಲ, ಇದು ಹೊಸದೇ ಆಗಿದೆ! ಕ್ಯಾಸೆಟ್ಟಿನ ಹಿಂಭಾಗ ಹಾಕಿದರೆ ಅಲ್ಲಿ ಮಾತ್ರ ಅಧ್ವಾನ. ಹೆಂಗಸಿನ ಮಾತಿನ ನಟ್ಟನಡುವೆ ಮುದುಕ ನುಗ್ಗಿ ಎಲ್ಲ ಎಕ್ಕುಟ್ಟಿಹೋಗಿತ್ತು. ಮುಂಭಾಗದ್ದು ಅದೃಷ್ಟ, ಹಿಂಭಾಗದ್ದು ತಿಳಿಯದೆ ಮಾಡಿದ್ದಕ್ಕೆ ಸಿಕ್ಕ ನ್ಯಾಯ ಎಂದುಕೊಂಡೆ.

ಸೈಕಲ್ ಕ್ಯಾರಿಯರಿಗೆ ಟೇಪ್ ರೆಕಾರ್ಡರು ಕಟ್ಟಿಕೊಂಡು ಬಾಶೆಟ್ಟಿಹಳ್ಳಿಗೆ ತುಳಿದೆ. ಬಾಷಾ ಕುತ್ತಿಗೆ ಹಿಸುಕಿದರೂ ಸರಿ, ಕೇಳಿದ ಮೇಲೆ ಹಿಸುಕಲಿ! ಮಧ್ಯಾಹ್ನದ ಶಿಫ್ಟು ಬಿಡುವ ಹೊತ್ತು, ಗೇಟಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲಿಟ್ಟು ಹಾಕಿದೆ. ಬಾಷಾನ ಮುಖ ಮೊದಲು ಕಪ್ಪಾಯಿತು, ಟಿಕ್ ಎಂದಾಗ ಕೆಂಪಾಯಿತು, ಆಮೇಲೆ ಟೀ ಲೋಟ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಅರೆ ಗುರು! ಯಾರ್ ಮಾಡಿದ್ದು ಇದು?"

"ನಮ್ಮ ಚಿಕ್ಕಮ್ಮ. ಗೊತ್ತಿಲ್ದೆ ಕೆಚ್ಬಿಟ್ಟಿದಾಳೆ ಕಣೋ."

"ಇನ್ನೊಂದ್ಸಲ ಹಾಕು. ಬೈಯೋದು ಆಮೇಲೆ ಬೈತೀನಿ."

ಇನ್ನೊಂದು ಸಲ ಅಂದದ್ದು ಏಳೆಂಟು ಸಲವಾಯಿತು. ಶಿಫ್ಟು ಬಿಟ್ಟವರು ಬಸ್ಸು ಬಿಟ್ಟುಕೊಂಡು ಸುತ್ತ ನಿಂತರು. ಒಬ್ಬರಿಗೂ ಒಂದು ಪದ ಅರ್ಥವಾಗದು, ಒಬ್ಬರ ಕಾಲೂ ಸುಮ್ಮನಿರದು. ಬಾಷಾ ಬೈಯುವುದನ್ನು ಮರೆತೇಬಿಟ್ಟ. ಇವತ್ತಿಗೂ ಬೈದಿಲ್ಲ.

ಗುರುವಾರ ಮತ್ತೆ ಬೆಂಗಳೂರು. ಅವೆನ್ಯೂ ರಸ್ತೆಯ ಪಕ್ಕದ ಸಂದಿಯಲ್ಲಿ ಹಳೆಯ ಕ್ಯಾಸೆಟ್ಟು ಮಾರುವ ಒಬ್ಬರು ವಯಸ್ಸಾದವರಿದ್ದರು. ಅವರೆದುರು ನಾನು ಲೋಕಕ್ಕೇ ಹೊಸದೊಂದು ಕಂಡುಹಿಡಿದವನ ಗತ್ತಿನಲ್ಲಿ ನಿಂತು, ಹೀಗೆ ಹೀಗೆ ಎಂದು ವಿವರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನಕ್ಕರು.

"ಅದು ಯಾವತ್ತೋ ಆಗೋಗಿದೆ ಕಣಪ್ಪ. ಅಲ್ಲಿನೋರು ಅವೆರಡನ್ನೂ ಕೂಡಿಸಿ ಇಪ್ಪತ್ತು ವರ್ಷದ ಮೇಲಾಯ್ತು. ಪೇಟೆ ಹುಡುಗ್ರು ಹೊಸದರ ಹಿಂದೆ ಹೋದ್ರು. ಕೂಲಿ ಮಾಡೋ ಜನ, ವಯಸ್ಸಾದೋರು ಮಾತ್ರ, ನಮಗೆ ಅಳುನೂ ಬೇಕು, ಶನಿವಾರ ಸಂಜೆ ಕುಣಿಯೋದೂ ಬೇಕು ಅಂದ್ರು. ಹಾಡೋರು ಎರಡೂ ಕೊಟ್ರು. ಸೋಲ್ ಬ್ಲೂಸ್ ಅಂತಾರೆ."

ರೈಲಿನಲ್ಲಿ ಕೂರಲಾಗಲಿಲ್ಲ ನನಗೆ. ಯಲಹಂಕ ಬರುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಸಮುದ್ರದ ಆಚೆ ಇದಕ್ಕೊಂದು ಹೆಸರಿದೆ! ನಮ್ಮ ಚಿಕ್ಕಮ್ಮ ತಪ್ಪು ಮಾಡಿ ಮುಟ್ಟಿದ ಜಾಗವನ್ನು ಅಲ್ಲಿನವರು ಹಾಡಿ ಹಾಡಿ ಮುಟ್ಟಿದ್ದಾರೆ! ಮನೆಗೆ ಬಂದು ಏದುಸಿರು ಬಿಡುತ್ತ ಹೇಳಿದೆ. ಚಿಕ್ಕಮ್ಮ ಅಚ್ಚಿನಿಂದ ಬೆರಳು ತೆಗೆದಳು.

"ಹೆಸರೇ ಇಟ್ಟಿದಾರಾ?"

"ಹೂಂ ಚಿಕ್ಕಮ್ಮ."

"ಹಂಗಾದ್ರೆ ಅಲ್ಲಿ ಯಾರೂ ಬೇಡ ಅಂದಿಲ್ಲ" ಅಂದಳು. ಆಮೇಲೆ ಬೂದಿ ಮುಟ್ಟಿಸಿಕೊಂಡು ಮತ್ತೆ ಕೆಲಸಕ್ಕೆ ತೊಡಗಿದಳು.

ಶನಿವಾರ ಸಂಜೆ ಆರಕ್ಕೆ ಕರೆಂಟು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತು ಊರು ಮೌನವಾಯಿತು. ಮಂದಿರದಲ್ಲಿ ದೀಪ, ಧೂಪ, ಹಾರ್ಮೋನಿಯಂ. ಚಿಕ್ಕಮ್ಮನ ಸರದಿ ಬಂದಾಗ ನಾನು ಕಂಬ ಹಿಡಿದು ನಿಂತಿದ್ದೆ. ಅವಳು ದಾಸರ ಪದ ಎತ್ತಲಿಲ್ಲ. ಮೊದಲು ಬರಿಯ ಚಪ್ಪಾಳೆ, ಭಜನೆಯ ಬಿರುಸಿನ ಚಪ್ಪಾಳೆ. ತಾಳ ಕೂತ ಮೇಲೆ, ಮಗ್ಗದ ಹಿಂದಿನ ಅದೇ ಎಳೆಯುವ ದನಿಯಲ್ಲಿ:

ಎಳೆ ಹರಿದ್ರೆ ಕೆಚ್ಚಬಹುದು, ಕೆಚ್ಚಬಹುದು ಕಣೋ ರಾಮ

ಹಿಂದೆ ಕೂತಿದ್ದ ಹೆಂಗಸರು, ಅವಳ ಪದವನ್ನು ವರ್ಷಗಟ್ಟಲೆ ತಮ್ಮ ತಮ್ಮ ಮಗ್ಗದ ಹಿಂದೆ ಕೇಳಿದ್ದವರು, ಯಾರೂ ಹೇಳದೆ ಒಪ್ಪಿಸಿದರು: ಕೆಚ್ಚಬಹುದು ಕಣೋ ರಾಮ! ಅವಳು ಮತ್ತೆ ಅದೇ ಸಾಲು ಎತ್ತಿದಳು. ಇವರು ಇನ್ನೂ ಜೋರಾಗಿ ಒಪ್ಪಿಸಿದರು. ಮೂರನೆಯ ಸಾಲಿಗೆ ಬಂದಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸುರಿಯಲಿ ಬಿಡಿ, ದನಿ ಕಟ್ಟಲಿಲ್ಲ, ಚಪ್ಪಾಳೆ ನಿಲ್ಲಲಿಲ್ಲ!

ಹೋದೋರ್ನ ಯಾವ ಬೂದಿ ಹಚ್ಚಿ ಕೆಚ್ಚಲೋ?

ತಬಲದವನು ಎದ್ದು ಮಂಡಿಯೂರಿ ಬಾರಿಸಿದ. ಗಂಡಸರ ಸಾಲಿಗೆ ಸಾಲೇ ಎದ್ದು ನಿಂತಿತು. ಎಷ್ಟು ಸಲ ಆ ಮೂರು ಸಾಲು ತಿರುಗಿತೋ ನನಗೆ ಗೊತ್ತಿಲ್ಲ, ನಾನೂ ಕುಣಿಯುತ್ತಿದ್ದೆ, ಅಳುತ್ತಲೂ ಇದ್ದೆ, ಎರಡನ್ನೂ ಒಟ್ಟಿಗೆ ಮಾಡಬಹುದೆಂದು ಆವರೆಗೆ ನನಗೆ ತಿಳಿದಿರಲಿಲ್ಲ. ಮುಗಿದ ಮೇಲೆ ಗಂಗಣ್ಣನವರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, "ಗೋಳು ಬೇಡ ಅಂದಿದ್ದೆ ಕಣಮ್ಮ. ನಂದೇ ತಪ್ಪು. ಎಷ್ಟು ಹಗುರಾಯ್ತು ಗೊತ್ತಾ" ಅಂದರು. ಮುಂದಿನ ವರ್ಷದಿಂದ ಕೊನೆಯ ಶನಿವಾರ ಚಿಕ್ಕಮ್ಮನದೇ ಆಯಿತು.

ಇದು ಕಥೆ. ಭಾನುವಾರವೂ ಇಷ್ಟನ್ನೂ ಮಗಳಿಗೆ ಹೇಳಿ, ಎಂದಿನ ಹಾಗೆ ಮುಗಿಸಿದೆ. "ನೋಡು ಪುಟ್ಟಾ, ಎಲ್ಲಾ ಆಗಿದ್ದು ನಮ್ಮ ಚಿಕ್ಕಮ್ಮ ತಿಳೀದೆ ಮಾಡಿದ ಒಂದು ತಪ್ಪಿನಿಂದ." ಈ ಜಾಗದಲ್ಲಿ ಎಲ್ಲರೂ ನಗುತ್ತಾರೆ. ಮಗಳು ನಗಲಿಲ್ಲ. "ಅಪ್ಪ, ತಿಳೀದೆ ಅಂಟಿಸಿದ್ರೆ ತಾಳ ಹೇಗೆ ಅಷ್ಟು ಸರಿಯಾಗಿ ಕೂರುತ್ತೆ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಹಿದಕುವುದನ್ನು ನಿಲ್ಲಿಸದೆ ಮಾತಾಡಿದಳು.

"ಹರಿದಿದ್ದು ಒಂದೇ ಅಂತ ನನಗೆ ಗೊತ್ತಿರಲಿಲ್ವಾ? ಎರಡ್ನೇದನ್ನ ನಾನೇ ಕತ್ತರಿಸಿದ್ದು. ಬೇಕೂಂತ್ಲೇ."

"ಏನಂದೆ ಚಿಕ್ಕಮ್ಮ?"

"ಅಳು, ಚಪ್ಪಾಳೆ ಎರಡೂ ಒಂದೇ ಅಚ್ಚಲ್ಲಿ ಕೂರುತ್ತಾ ಅಂತ ನೋಡ್ಬೇಕಿತ್ತು. ಶನಿವಾರ ಹಾಡ್ಬೇಕಿತ್ತಲ್ಲ ನಾನು. ಯಾರ್ನ ಕೇಳ್ಲಿ? ನಿನ್ನ ಕೇಳಿದ್ರೆ ಪೂರ್ತಿ ಬೇರೆ ಅಂತಿದ್ದೆ. ಮಗ್ಗದ ಸದ್ದಲ್ಲೂ ಟೇಪಿಗೆ ಕಿವಿ ಹಚ್ಚಿ ದಿನವೆಲ್ಲಾ ಹಾಕಿ ಹಾಕಿ ಕೇಳ್ದೆ, ತಾಳ ಕೂರೋ ಕಡೆ ಸುಣ್ಣದ ಚುಕ್ಕಿ ಇಟ್ಕೊಂಡು ಕತ್ತರಿಸ್ದೆ. ಹಿಂಭಾಗ ಕೆಟ್ಟೋಯ್ತು, ಅದು ನನ್ ಕೈಲಿ ಆಗ್ಲಿಲ್ಲ."

ನಾನು ಕೈಯಲ್ಲಿದ್ದ ಕಾಳು ಕೆಳಗಿಟ್ಟೆ. "ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಅಂದೆ.

"ನೀನು ಚೆನ್ನಾಗಿ ಹೇಳ್ತಿದ್ದೆ, ಎಲ್ರೂ ನಗ್ತಿದ್ರು. ಯಾಕೆ ಹಾಳ್ಮಾಡ್ಲಿ ಅಂತ ಸುಮ್ನಿದ್ದೆ." ಒಂದು ಕಾಳು, ಇನ್ನೊಂದು ಕಾಳು. "ಅವತ್ತು ಕತ್ತೆಗೇನ್ ಗೊತ್ತು ಕಸ್ತೂರಿ ಪರಿಮಳ ಅಂದ್ಯಲ್ಲ, ಅದೂ ಕೇಳಿಸ್ತು. ಕರೆಂಟ್ ಹೋಗಿತ್ತು ನೋಡು, ಮಗ್ಗ ನಿಂತಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮಂಜುಗಣ್ಣು ನನ್ನ ಕಡೆ ತಿರುಗಿಸಿ ನಕ್ಕಳು, ಒದ್ದೆ ಕೈಯಲ್ಲೇ ನನ್ನ ತಲೆಗೊಂದು ಮೊಟಕಿದಳು. ಅರವತ್ತರ ಹತ್ತಿರದ ತಲೆ, ಕಣ್ಣು ತುಂಬಿಕೊಂಡಿತು. ಮಗಳು ಆ ಹಾಡನ್ನು ಮೊದಲಿನಿಂದ ಹಾಕಿದಳು. ಚಿಕ್ಕಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು, ಅದರ ತಾಳದ ಮೇಲೇ ತನ್ನ ಪದ ಎತ್ತಿದಳು, ನಡುಗುವ ದನಿಯಲ್ಲಿ, ಒಂದು ಏಟೂ ತಪ್ಪದೆ. ಮಗಳು ಚಪ್ಪಾಳೆ ತಟ್ಟಿ ಒಪ್ಪಿಸಿದಳು. ನೀರು ಕುಡಿಯಲು ಎದ್ದಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಒಪ್ಪಿಸಿದಳು.

ಈ ಕಥೆಯನ್ನು ನಾನು ಹೇಳುವುದು ಇದೇ ಕೊನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಚಿಕ್ಕಮ್ಮ ಹೇಳುತ್ತಾಳೆ. ನಾನು ಪಕ್ಕದಲ್ಲಿ ಕೂತು ಕಾಳು ಹಿದಕುತ್ತೇನೆ.